ಪೊಟ್ಯಾಷ್ ಚೀಲದ ಹಿಂದಿನ ಮೇಜು

ಭೀಮಸಮುದ್ರ, ಚನ್ನಗಿರಿ ಕಡೆ ಅಡಿಕೆ ತೋಟ ಇರುವವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ: ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಗೊಬ್ಬರದಂಗಡಿಯ ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಸಾರ ಇರುವುದು ನೂರಕ್ಕೆ 60. ಹಾಗಾಗಿ 140 ಗ್ರಾಂ ಅಂದರೆ ಕೈಯಲ್ಲಿ ಹಿಡಿದು ಹಾಕುವ ಹರಳು ಸುಮಾರು 233 ಗ್ರಾಂ. 50 ಕೆಜಿಯ ಒಂದು ಚೀಲ ಇನ್ನೂರು ಚಿಲ್ಲರೆ ಮರಕ್ಕೆ ಆಗುತ್ತದೆ.

ಆ ಕೆಂಬಣ್ಣದ ಹರಳು ನಮ್ಮ ನೆಲದ್ದಲ್ಲ. ಭಾರತಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದ ಬರಬೇಕು: ಕೆನಡಾ, ರಷ್ಯಾ, ಬೆಲಾರುಸ್, ಇಸ್ರೇಲ್, ಜೋರ್ಡನ್. ಕೆನಡಾದ್ದಾದರೆ ಅದು ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಒಂದು ಕಿಲೋಮೀಟರ್ ಆಸುಪಾಸಿನ ಆಳದಿಂದ ಮೇಲೆ ಬಂದು, ರೈಲಿನಲ್ಲಿ ರಾಕಿ ಬೆಟ್ಟಸಾಲು ದಾಟಿ, ಪಶ್ಚಿಮದ ಬಂದರಿನಲ್ಲಿ ಹಡಗು ಹತ್ತಿದ್ದು.

ಇಲ್ಲಿ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಆ ದೇಶದ ಕೇಂದ್ರ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದೆ. ಗಣಿ, ಇಂಧನ, ಕಾಡು ಮೂರೂ ಅದರ ಕೆಳಗೆ. 1842ರಲ್ಲಿ ಶುರುವಾದ ಭೂವೈಜ್ಞಾನಿಕ ಸರ್ವೆಯೂ ಅದರ ಭಾಗ; ಕೆನಡಾ ಒಕ್ಕೂಟವಾಗಿದ್ದೇ 1867ರಲ್ಲಿ, ಅಂದರೆ ದೇಶಕ್ಕಿಂತ ಸರ್ವೆಗೆ 25 ವರ್ಷ ಹೆಚ್ಚು ವಯಸ್ಸು. ಇಂಥ ಇಲಾಖೆಯಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಮುಖ್ಯಸ್ಥರು ಅಂದರೆ ಊರಿನಲ್ಲಿ ಎರಡು ಊಹೆ ಹುಟ್ಟುತ್ತವೆ. ಒಂದೋ ಪೊಟ್ಯಾಷ್ ಮಾರಿಸುವವರು, ಇಲ್ಲವೇ ಸೂಟು ಹಾಕಿಕೊಂಡು ಕೈಕುಲುಕುವವರು. ಮಾರುವುದು ಕಂಪನಿ, ಕೈಕುಲುಕುವುದು ಮಂತ್ರಿ. ಈ ಮೇಜಿನ ಕೆಲಸ ಅವೆರಡರ ನಡುವೆ ಎಲ್ಲೋ ಇದೆ, ಅದರಲ್ಲೂ ಮುಕ್ಕಾಲು ಪಾಲು ಕೆನಡಾದ ಒಳಗೇ ನಡೆಯುತ್ತದೆ.

ಯಾಕೆ ಅಂದರೆ ಮಾತು ಕೊಡುವ ಸರ್ಕಾರದ ಕೈಯಲ್ಲಿ ಅದಿರು ಇಲ್ಲ. 1930ರಲ್ಲಿ ಸಸ್ಕ್ಯಾಚೆವಾನ್‌ನಂಥ ಹುಲ್ಲುಗಾವಲಿನ ಪ್ರಾಂತ್ಯಗಳಿಗೆ ತಮ್ಮ ನೆಲದ ಸಂಪತ್ತಿನ ಒಡೆತನ ಕೇಂದ್ರದಿಂದ ವರ್ಗವಾಯಿತು. 1982ರಲ್ಲಿ ಸಂವಿಧಾನಕ್ಕೆ ಸೇರಿದ 92ಎ ವಿಧಿ ಹುಡುಕುವುದು, ತೆಗೆಯುವುದು, ನಿಭಾಯಿಸುವುದು ಎಲ್ಲಕ್ಕೂ ಪ್ರಾಂತ್ಯದ ಮುದ್ರೆ ಹಾಕಿತು. ಕೇಂದ್ರದ ಬಳಿ ಉಳಿದಿದ್ದು ವಿದೇಶ ವ್ಯಾಪಾರ, ಯುರೇನಿಯಂ ನಿಯಂತ್ರಣ, ಕರಾವಳಿಯಾಚೆಯ ಕಡಲತಳ, ಇನ್ನಷ್ಟು ಚೂರುಪಾರು. 2022ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ವರ್ಷಕ್ಕೆ 15 ಲಕ್ಷ ಟನ್‌ವರೆಗೆ, ಮೂರು ವರ್ಷ ಪೊಟ್ಯಾಷ್ ಕೊಡುವ ಒಡಂಬಡಿಕೆಗೆ ರುಜು ಬಿದ್ದಾಗ ಒಂದು ಕಡೆ ಇದ್ದದ್ದು ಸಸ್ಕ್ಯಾಚೆವಾನ್ ಗಣಿ ಕಂಪನಿಗಳ ರಫ್ತು ಸಂಸ್ಥೆ ಕ್ಯಾನ್‌ಪೊಟೆಕ್ಸ್, ಇನ್ನೊಂದು ಕಡೆ ಭಾರತದ ಗೊಬ್ಬರ ಕಂಪನಿಗಳು. ಸರ್ಕಾರಗಳು ದಾರಿ ಗುಡಿಸಿದವು, ಅಷ್ಟೇ.

ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶಿ ಒಪ್ಪಂದ ಕೇಂದ್ರಪಟ್ಟಿಯ 14ನೇ ನಮೂದು. ಗಣಿ ರಾಜ್ಯಪಟ್ಟಿಯ 23ನೇ ನಮೂದು, ಅದೂ ಕೇಂದ್ರಪಟ್ಟಿಯ 54ಕ್ಕೆ ತಲೆಬಾಗಿ. ಇವೆರಡರ ಮೇಲೆ ನ್ಯಾಯಾಲಯ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ಟನ್ನಿಗೆ ಮಿತಿ ಬಂತು. ಎರಡೂ ಜಿಲ್ಲೆ ಸೇರಿ ವರ್ಷಕ್ಕೆ 150 ಲಕ್ಷ ಟನ್ ಎಂಬ ಮಿತಿ 2022ರದ್ದು, ರಾಜ್ಯದ ಅದಿರು ಹೊರದೇಶಕ್ಕೆ ಹೋಗಬಹುದು ಎಂದು ಕೋರ್ಟ್ ಹೇಳಿದ್ದೂ ಅದೇ ವರ್ಷ. 2015ರಲ್ಲಿ ಯಾರೋ ವಿದೇಶಿ ಅಧಿಕಾರಿ ಭಾರತದ ಗಣಿ ಕಾಯ್ದೆಯನ್ನಷ್ಟೇ ಓದಿ ‘ಹೊಸದುರ್ಗದ ಅದಿರು ರಫ್ತಿಗೆ ಅಡ್ಡಿಯಿಲ್ಲ’ ಎಂದು ಟಿಪ್ಪಣಿ ಬರೆದಿದ್ದರೆ ಪೂರ್ತಿ ತಪ್ಪು. ನಲ್ಲಿ ಯಾರ ಕೈಯಲ್ಲಿದೆ ಅನ್ನುವುದು ಕಾಯ್ದೆ ಪುಸ್ತಕದಲ್ಲಿ ಅರ್ಧ ಮಾತ್ರ ಸಿಗುತ್ತದೆ.

ಹಾಗಾಗಿ ಹೊರದೇಶದಿಂದ ಒಂದು ಪ್ರಸ್ತಾವ ಬಂದರೆ, ಉತ್ತರ ಬರೆಯುವ ಮೊದಲು ಒಳಗಿನ ಸುತ್ತು. ಪ್ರಾಂತ್ಯದ ಗಣಿ ಇಲಾಖೆಗೆ ಕರಡು ಹೋಗಬೇಕು. ವಿದೇಶಾಂಗ ಇಲಾಖೆಯ ಆ ದೇಶದ ಮೇಜಿಗೆ, ಅಲ್ಲಿಂದ ಒಪ್ಪಂದ ಕಾನೂನಿನ ವಕೀಲರಿಗೆ. ಹೂಡಿಕೆಯ ಮಾತು ಇದ್ದರೆ ಹೂಡಿಕೆ ಪರಿಶೀಲಿಸುವವರಿಗೂ. 2022ರ ನವೆಂಬರ್‌ನಲ್ಲಿ ಮೂರು ಚೀನಿ ಕಂಪನಿಗಳು ಕೆನಡಾದ ಲಿಥಿಯಂ ಕಂಪನಿಗಳಲ್ಲಿದ್ದ ಪಾಲು ಬಿಡಬೇಕೆಂದು ಆದೇಶವಾದ ಮೇಲೆ ಈ ಹೆಜ್ಜೆಯನ್ನು ಯಾರೂ ಹಾರಿಸುವುದಿಲ್ಲ. ಮೂಲನಿವಾಸಿಗಳ ನೆಲದ ಮಾತಾದರೆ ಇನ್ನೊಂದು ಸುತ್ತು. ಅವರೊಂದಿಗೆ ಸಮಾಲೋಚಿಸುವ ಹೊಣೆ ಸರ್ಕಾರದ್ದೇ ಎಂದು ಕೆನಡಾದ ಸುಪ್ರೀಂ ಕೋರ್ಟ್ 2004ರ ಹೈಡಾ ತೀರ್ಪಿನಲ್ಲಿ ಹೇಳಿದೆ. ಭಾರತದ ನಿಯೋಗಗಳು ತಪ್ಪದೆ ಕೇಳುವ ಪ್ರಶ್ನೆ, ‘ಕ್ಲಿಯರೆನ್ಸ್ ಎಷ್ಟು ದಿನ?’ ದಿನದ ಲೆಕ್ಕದಲ್ಲಿ ಉತ್ತರ ಕೊಟ್ಟ ಅಧಿಕಾರಿ ಆಮೇಲೆ ವರ್ಷಗಟ್ಟಲೆ ಆ ಉತ್ತರಕ್ಕೆ ಸಮಜಾಯಿಷಿ ಕೊಡುತ್ತಾನೆ.

ಇನ್ನು ಎಂಒಯು, ಅಂದರೆ ಒಡಂಬಡಿಕೆ ಪತ್ರ. ಈ ಕೆಲಸದಲ್ಲಿ ಕಣ್ಣು ನೋಯುವಷ್ಟು ಓದಬೇಕಾದ ಕಾಗದ ಇದೇ. ಇಲಾಖೆ ಇಲಾಖೆಗಳ ನಡುವಿನ ಒಡಂಬಡಿಕೆ ಕಾನೂನಿನ ಕಟ್ಟು ಇಲ್ಲದ್ದಾಗಿರಬೇಕು, ಅದು ಪದಪದದಲ್ಲಿ ಕಾಣಬೇಕು. ಇಂಗ್ಲಿಷ್ ಪಠ್ಯದಲ್ಲಿ ‘ಶಲ್’ ಬರಕೂಡದು, ‘ವಿಲ್’ ಬರಬೇಕು. ನಮ್ಮ ಸರ್ಕಾರಿ ಕನ್ನಡ ಗೊತ್ತಿದ್ದವರಿಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ: ‘ಸಲ್ಲಿಸತಕ್ಕದ್ದು’ ಎಂದರೆ ಕುತ್ತಿಗೆಗೆ ಹಗ್ಗ, ‘ಸಲ್ಲಿಸುವರು’ ಎಂದರೆ ಮರ್ಯಾದೆಯ ಮಾತು. ಸಹಿ ಹಾಕುವವರು ‘ಪಾರ್ಟಿ’ಗಳಲ್ಲ, ‘ಪಾರ್ಟಿಸಿಪೆಂಟ್’ಗಳು. ಒಡಂಬಡಿಕೆ ‘ಎಂಟರ್ ಇಂಟು ಫೋರ್ಸ್’ ಆಗುವುದಿಲ್ಲ, ‘ಕಮ್ ಇಂಟು ಎಫೆಕ್ಟ್’ ಆಗುತ್ತದೆ. ಇಂಗ್ಲಿಷ್, ಫ್ರೆಂಚ್ ಎರಡೂ ಪಠ್ಯ ‘ಈಕ್ವಲಿ ವ್ಯಾಲಿಡ್’. ‘ಈಕ್ವಲಿ ಅಥೆಂಟಿಕ್’ ಎಂದು ಬರೆದರೆ ಅದು ಟ್ರೀಟಿಯ, ಅಂದರೆ ಕಾನೂನಿನ ಕಟ್ಟುಳ್ಳ ಒಪ್ಪಂದದ ಭಾಷೆ. ಇಂಥ ಎರಡು ಮೂರು ಪದ ಜಾರಿದರೂ ವಕೀಲರು ಕಡತ ಹಿಡಿದುಕೊಳ್ಳುತ್ತಾರೆ. ನಿಜವಾಗಿ ಟ್ರೀಟಿಯೇ ಆದರೆ ದಾರಿ ಬೇರೆ: 2008ರಿಂದ ಇರುವ ಪದ್ಧತಿಯ ಪ್ರಕಾರ ಕೆಳಮನೆಯ ಮುಂದೆ 21 ಕಲಾಪದ ದಿನ ಇಡಬೇಕು.

ಭಾರತದ ಜತೆಗಾದರೆ ಹಿಂದಿಯೂ ಸೇರಿ ಮೂರು ಭಾಷೆ. ಅರ್ಥ ಬೇರೆಬೇರೆಯಾದರೆ ಯಾವ ಪಠ್ಯ ನಿಲ್ಲುತ್ತದೆ ಎಂಬ ಸಾಲು ಮೊದಲೇ ಸೇರಬೇಕು. ಸಹಿಯ ಹಿಂದಿನ ದಿನ ಅಲ್ಲ, ಮೊದಲ ಕರಡಿನಲ್ಲೇ. ಕಾಗದದ ಕೊನೆಯ ತಾಪತ್ರಯ ಹೆಸರಿನ ಸರದಿ. ಎರಡು ಮೂಲ ಪ್ರತಿ ಮಾಡುತ್ತಾರೆ; ಕೆನಡಾ ಇಟ್ಟುಕೊಳ್ಳುವ ಪ್ರತಿಯಲ್ಲಿ ಕೆನಡಾದ ಹೆಸರು ಮೊದಲು, ಭಾರತದ ಪ್ರತಿಯಲ್ಲಿ ಭಾರತದ ಹೆಸರು ಮೊದಲು. ಶೀರ್ಷಿಕೆಯಲ್ಲಿ, ಪೀಠಿಕೆಯಲ್ಲಿ, ಸಹಿಯ ಜಾಗದಲ್ಲಿ ಎಲ್ಲ ಕಡೆ. ಒಂದೇ ಕಡತವನ್ನು ಎರಡು ಸಲ ಪ್ರಿಂಟ್ ಹೊಡೆದರೆ ಈ ತಪ್ಪು ಆಗೇ ಆಗುತ್ತದೆ, ಗೊತ್ತಾಗುವುದು ಕ್ಯಾಮೆರಾ ಮುಂದೆ ಪುಟ ತೆರೆದಾಗ. ಫೋಲ್ಡರಿಗೆ ಹಾಕುವ ಮೊದಲು ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಬೆರಳಿಟ್ಟು ನೋಡುವುದೇ ಇದಕ್ಕೆ ಮದ್ದು.

ಸಹಿಯಾದ ಮೇಲೆ ಎಂಒಯು ಸಾಯುವುದು ಹೆಚ್ಚು. ಸಾಮಾನ್ಯವಾಗಿ ಐದು ವರ್ಷದ ಆಯಸ್ಸು, ಎರಡನೇ ವರ್ಷಕ್ಕೇ ಯಾರಿಗೂ ನೆನಪಿರುವುದಿಲ್ಲ. ಕಾರಣ ಒಂದೇ ಸಾಲಿನಲ್ಲಿರುತ್ತದೆ: ‘ತಂತಮ್ಮ ಖರ್ಚು ತಂತಮ್ಮದು’. ಅಂದರೆ ಯಾರ ಬಜೆಟ್ಟಿನಲ್ಲೂ ದುಡ್ಡಿಲ್ಲ. ಉಳಿಯಬೇಕೆಂದರೆ ಜತೆಗೆ ಒಂದು ಪುಟದ ಕೆಲಸದ ಪಟ್ಟಿ ಬೇಕು. ಯಾವ ಕೆಲಸ, ಯಾರ ಹೆಸರು, ಯಾವ ತಿಂಗಳು, ಯಾವ ಲೆಕ್ಕಶೀರ್ಷಿಕೆ. ಮೂರು ಕೆಲಸ ಸಾಕು. ಹನ್ನೆರಡು ಇದ್ದರೆ ಒಂದೂ ಆಗುವುದಿಲ್ಲ. ‘ಪರಸ್ಪರ ಸಹಕಾರ ಬಲಪಡಿಸುವುದು’ ಕೆಲಸವಲ್ಲ. ‘ತಾಮ್ರದ ಹಳೇ ಗಣಿಗಳ ತ್ಯಾಜ್ಯದ ಮಾದರಿ ವಿಶ್ಲೇಷಣೆ, ಎರಡೂ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ’ ಎಂಬುದು ಕೆಲಸ.

ಅಂಥ ಕೆಲಸಕ್ಕೆ ಇಳಿದಾಗ ಎಡವುವುದು ಸಣ್ಣ ಕಲ್ಲಿಗೆ, ಮಾತಿಗಷ್ಟೇ ಅಲ್ಲ, ನಿಜವಾದ ಕಲ್ಲಿಗೂ. ಬೇರೆ ದೇಶದ ಮಣ್ಣು ಕೆನಡಾದೊಳಗೆ ಪರವಾನಗಿ ಇಲ್ಲದೆ ಬರುವಂತಿಲ್ಲ. ಬಂಡೆಯ ಮಾದರಿ ಬರಬಹುದು, ಆದರೆ ಅದಕ್ಕೆ ಮಣ್ಣಂಟಿರಬಾರದು. ಬ್ರಷ್ ಹಾಕಿ ತೊಳೆದು, ಒಣಗಿಸಿ, ಒಂದೊಂದನ್ನೂ ಬೇರೆ ಚೀಲದಲ್ಲಿ ಕಟ್ಟಿ, ಪೆಟ್ಟಿಗೆಯ ಮೇಲೆ ಏನಿದೆ ಎಂದು ಬರೆದರೆ ಸರಿ. ಮಾದರಿ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೊಡುವಾಗ ಯಾವ ಡೇಟಂ, ಅಂದರೆ ಭೂಮಿಯ ಆಕಾರದ ಯಾವ ಲೆಕ್ಕ ಹಿಡಿದು ಅಳೆದದ್ದು ಎಂದೂ ಬರೆಯಬೇಕು. ನಮ್ಮ ಹಳೇ ಟೋಪೋಶೀಟುಗಳು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಬೇರೆ ಲೆಕ್ಕದ್ದು. ಬರೆಯದಿದ್ದರೆ ನಕ್ಷೆಯಲ್ಲಿ ಚುಕ್ಕಿ ಪಕ್ಕದವರ ಹೊಲಕ್ಕೆ ಹೋಗಿ ಕೂರುತ್ತದೆ.

ಅದಕ್ಕಿಂತ ದುಬಾರಿ ಪದ ‘ನಿಕ್ಷೇಪ’. ಕನ್ನಡ ಪತ್ರಿಕೆಗಳಿಗೆ ನೆಲದಡಿ ಇರುವುದೆಲ್ಲ ನಿಕ್ಷೇಪ. ಗಣಿ ಲೋಕದಲ್ಲಿ ‘ರಿಸೋರ್ಸ್’ ಬೇರೆ, ‘ರಿಸರ್ವ್’ ಬೇರೆ. ಕಲ್ಲಿನಲ್ಲಿ ತಾಮ್ರ ಇದೆ ಎನ್ನುವುದು ಒಂದು, ಅದನ್ನು ತೆಗೆದರೆ ಗಿಟ್ಟುತ್ತದೆ ಎನ್ನುವುದು ಇನ್ನೊಂದು. ಚಿತ್ರದುರ್ಗದ ಹತ್ತಿರ ಮುಚ್ಚಿದ ಇಂಗಳದಾಳ್ ತಾಮ್ರದ ಗಣಿಯ ಪಕ್ಕದಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಮಂಡ್ಯದ ಮರ್ಲಗಲ್ಲದಲ್ಲಿ 2020ರಲ್ಲಿ 14,100 ಟನ್ ಲಿಥಿಯಂ ಎಂಬ ಸುದ್ದಿ ಎಲ್ಲೆಡೆ ಹರಡಿತು. ಮರುವರ್ಷ ಸಂಸತ್ತಿನಲ್ಲಿ ಸರ್ಕಾರ ಹೇಳಿದ್ದು 1,600 ಟನ್, ಅದೂ ಅಂದಾಜಿನ ದರ್ಜೆಯಲ್ಲಿ. ಕೆನಡಾಕ್ಕೂ ಇಂಥ ಗಾಯ ಇದೆ, ಇನ್ನೂ ಆಳದ್ದು. ಬ್ರಿ-ಎಕ್ಸ್ ಎಂಬ ಕಂಪನಿ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಬಂಗಾರದ ಬೆಟ್ಟವೇ ಸಿಕ್ಕಿದೆ ಎಂದಿತ್ತು. ಮಾದರಿಗೆ ಹೊರಗಿನ ಬಂಗಾರದ ಪುಡಿ ಬೆರೆಸಿದ್ದು 1997ರಲ್ಲಿ ಬಯಲಾಯಿತು. ಆಮೇಲೆ 2001ರಲ್ಲಿ ಬಂದ ನಿಯಮ 43-101ರ ಪ್ರಕಾರ, ಅರ್ಹತೆಯುಳ್ಳ ವ್ಯಕ್ತಿ ಹೆಸರು ಹಾಕಿ ಹೊಣೆ ಹೊರದೆ ಕಂಪನಿ ಅಂಕಿ ಹೇಳುವಂತಿಲ್ಲ. ಭಾರತದಲ್ಲಿ ಜಿ4ರಿಂದ ಜಿ1ರವರೆಗೆ ಅನ್ವೇಷಣೆಯ ಮೆಟ್ಟಿಲು: ಜಿ4 ಮೊದಲ ಹುಡುಕಾಟ, ಜಿ1 ವಿವರವಾದ ಅನ್ವೇಷಣೆ. ಎರಡು ದೇಶದ ಪಟ್ಟಿಯನ್ನು ಪಕ್ಕಪಕ್ಕ ಇಡುವಾಗ ಜಿ3 ಎಂದಿದ್ದದ್ದು ಅನುವಾದದಲ್ಲಿ ‘ರಿಸರ್ವ್’ ಆಗಿ ಮಂತ್ರಿಯ ಭಾಷಣಕ್ಕೆ ಹೋಗದಂತೆ ಕಾಯುವುದು ಈ ಮೇಜಿನ ಮುಖ್ಯಸ್ಥರ ಹೊಣೆ. ನಮ್ಮ ಮಟ್ಟಿಗೆ, ಇಷ್ಟನ್ನು ನೆಟ್ಟಗೆ ಮಾಡಿದರೆ ಅವರ ಸಂಬಳ ಸಾರ್ಥಕ.

ಭೇಟಿಗಳ ವಿಷಯ ಹೆಚ್ಚಿಲ್ಲ. ಮಾರ್ಚ್‌ನಲ್ಲಿ ಟೊರಾಂಟೊದಲ್ಲಿ ಗಣಿ ಅನ್ವೇಷಕರ ದೊಡ್ಡ ಸಮಾವೇಶ ನಡೆಯುತ್ತದೆ. ನಿಯೋಗಗಳು ಸಂತೆಯಂತೆ ಬರುತ್ತವೆ, ಎಲ್ಲರಿಗೂ ಅರ್ಧ ಗಂಟೆ ಬೇಕು. ದುಭಾಷಿ ಇದ್ದರೆ ಅರ್ಧ ಗಂಟೆ ಅಂದರೆ ಕಾಲು ಗಂಟೆ, ಕುಶಲೋಪರಿ ಕಳೆದರೆ ಹತ್ತು ನಿಮಿಷ. ಮೂರು ಮಾತಿಗಿಂತ ಹೆಚ್ಚು ಬರೆದುಕೊಡುವುದು ವ್ಯರ್ಥ. ಟಿಪ್ಪಣಿ ಎರಡು ಪುಟ, ಕೊನೆಯಲ್ಲಿ ‘ಅವರೇ ಕೇಳಿದರೆ’ ಎಂಬ ಭಾಗ. ಕಷ್ಟದ ಪ್ರಶ್ನೆಗಳೆಲ್ಲ ಅಲ್ಲಿ. ಫೋನಿನ ಮಾತುಕತೆಗೆ ಹೊತ್ತು ನೋಡಿ: ಬೇಸಿಗೆಯಲ್ಲಿ ಒಟ್ಟಾವಾ ನಮ್ಮೂರಿಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಇಲ್ಲಿ ಬೆಳಿಗ್ಗೆ 8ಕ್ಕೆ ಇಟ್ಟರೆ ದೆಹಲಿಯಲ್ಲಿ ಸಂಜೆ 5.30, ನವೆಂಬರ್ ಮೊದಲ ಭಾನುವಾರ ಗಡಿಯಾರ ತಿರುಗಿಸಿದ ಮೇಲೆ 6.30. ಆ ವಾರ ಯಾರಾದರೊಬ್ಬರು ಒಂದು ಗಂಟೆ ಮುಂಚೆ ಬಂದು ಖಾಲಿ ಪರದೆ ನೋಡುತ್ತಾ ಕೂತಿರುತ್ತಾರೆ.

ದಾವಣಗೆರೆ ಕಾಲೇಜುಗಳ ಹುಡುಗರು ಕೇಳುವುದರಿಂದ ಒಂದು ಮಾತು: ಇಂಥ ಹುದ್ದೆಗೆ ಭೂವಿಜ್ಞಾನದ ಪದವಿ ಒಂದೇ ಸಾಲದು, ಮೇಲಿನ ಹುದ್ದೆಗೆ ಫ್ರೆಂಚ್ ಬೇಕೇ ಬೇಕು. ಗೋಪ್ಯತೆಯ ಅನುಮತಿಗೆ ಹತ್ತು ವರ್ಷದ ವಿಳಾಸ ಕೇಳುತ್ತಾರೆ. ಪಿಜಿಯಲ್ಲಿದ್ದ ಕಾಲದ ಬಾಡಿಗೆ ಚೀಟಿಯನ್ನೂ ಎಸೆಯಬೇಡಿ.

2023ರ ಸೆಪ್ಟೆಂಬರ್ ನಂತರ ಎರಡು ದೇಶದ ನಡುವೆ ಮಾತು ಕೆಟ್ಟಿತು, ರಾಜತಂತ್ರಜ್ಞರು ವಾಪಸಾದರು, ಆದರೂ ವ್ಯಾಪಾರ ನಿಲ್ಲಲಿಲ್ಲ. ಪೊಟ್ಯಾಷ್‌ಗೆ ಅಪಾಯ ಬಂದದ್ದು ಬೇರೆ ಕಡೆಯಿಂದ. ಅದೇ ವರ್ಷದ ಜುಲೈನಲ್ಲಿ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಮುಷ್ಕರ 13 ದಿನ ನಡೆಯಿತು. 2024ರ ಆಗಸ್ಟ್ 22ರಂದು ಎರಡೂ ದೊಡ್ಡ ರೈಲು ಕಂಪನಿಗಳು ಕಾರ್ಮಿಕರನ್ನು ಹೊರಗಿಟ್ಟು ಒಟ್ಟಿಗೆ ಬೀಗ ಹಾಕಿದವು. ಇಂಥ ಹೊತ್ತಲ್ಲಿ ಕೊಳ್ಳುವ ದೇಶದಿಂದ ಫೋನ್ ಬಂದರೆ ‘ಆದಷ್ಟು ಬೇಗ ಸರಿಹೋಗುತ್ತದೆ’ ಎನ್ನುವುದು ಉತ್ತರವಲ್ಲ. ಸರಕು ಈಗ ಎಲ್ಲಿದೆ ಎಂದು ಹೇಳಬೇಕು: ಹಡಗಿನಲ್ಲೋ, ಬಂದರಿನ ಗೋದಾಮಿನಲ್ಲೋ, ರಾಕಿಯ ಈಚೆ ನಿಂತ ವ್ಯಾಗನ್ನಿನಲ್ಲೋ, ಇನ್ನೂ ಗಣಿಯಲ್ಲೇ ಇದೆಯೋ. ಹಡಗು ಹತ್ತಿದ್ದರೆ ಭೀಮಸಮುದ್ರದ ಅಂಗಡಿಯವನಿಗೆ ವಿಷಯವೇ ಗೊತ್ತಾಗುವುದಿಲ್ಲ. ವ್ಯಾಗನ್ನಿನಲ್ಲಿದ್ದರೆ, ಮುಂಗಾರಿನ ನಂತರದ ಎರಡನೇ ಗೊಬ್ಬರಕ್ಕೆ ಚೀಲ ತಡವಾಗಬಹುದು ಎಂದು ಆ ಫೋನಿನಲ್ಲೇ ಹೇಳಿಬಿಡಬೇಕು.