ಕಾವ್ಯಾ ಶಿವಶಂಕರ್ ಮತ್ತು ನಮ್ಮ ಶನಿವಾರದ ಕೊನೆಯ ಪೀರಿಯಡ್

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಬಿಸಿಯೂಟದ ಬಗ್ಗೆ ಬರೆಯಬಹುದಿತ್ತು, ಗೇಟಿನ ಹತ್ತಿರದ ನೇರಳೆ ಮರದ ಬಗ್ಗೆಯೂ ಬರೆಯಬಹುದಿತ್ತು. ಅವನ್ನು ಬೇರೆಯವರು ಬರೆದೇ ಬರೆಯುತ್ತಾರೆ. ನನಗೆ ನೆನಪಾದದ್ದು ನಮ್ಮ ಶಾಲೆಯ ಹೊಸ್ತಿಲನ್ನೇ ತುಳಿಯದ ಒಬ್ಬ ಹುಡುಗಿ.

2009ರ ಜೂನ್. ನಾವು ಒಂಬತ್ತನೇ ಕ್ಲಾಸಿಗೆ ಬಂದಿದ್ದೆವು. ಇಂಗ್ಲಿಷ್ ಮೇಷ್ಟ್ರು ರಜೆಯಲ್ಲಿ ಕತ್ತರಿಸಿಟ್ಟ ಪೇಪರಿನ ಸುದ್ದಿಯೊಂದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಅಮೆರಿಕದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀ, ಅಂದರೆ ಇಂಗ್ಲಿಷ್ ಪದಗಳ ಸ್ಪೆಲಿಂಗನ್ನು ಬಾಯಲ್ಲೇ ತಪ್ಪಿಲ್ಲದೆ ಹೇಳುವ ಮಕ್ಕಳ ಸ್ಪರ್ಧೆಯಲ್ಲಿ 293 ಮಕ್ಕಳ ನಡುವೆ 13 ವರ್ಷದ ಕಾವ್ಯಾ ಗೆದ್ದಿದ್ದಳು. ಬಹುಮಾನ 40,000 ಡಾಲರಿಗೂ ಜಾಸ್ತಿ. ಹಿಂದಿನ ಬೆಂಚಿನವರು ಕೂಡಲೇ ರೂಪಾಯಿಗೆ ತಿರುಗಿಸಿ, 18 ಲಕ್ಷ ದಾಟುತ್ತೆ ಅಂದರು. ಗಣಿತದಲ್ಲಿ ಅಷ್ಟು ಚುರುಕು ಅವರು ಮತ್ತೆ ಯಾವತ್ತೂ ತೋರಿಸಲಿಲ್ಲ.

ಕಾವ್ಯಾಳ ಅಪ್ಪನ ಹೆಸರು ಮಿರ್ಲೆ ಶಿವಶಂಕರ್. ಮೈಸೂರು ಜಿಲ್ಲೆಯಲ್ಲಿ ಮಿರ್ಲೆ ಅನ್ನೋ ಊರಿದೆಯಲ್ಲ! "ಸರ್, ನಮ್ ಕಡೆ ಹುಡುಗಿ!" ಅಂತ ಕೂಗಿದೆವು.

"ಅವಳು ಓದ್ತಿರೋದು ಕಾನ್ಸಾಸಿನ ಒಲೇಥಾದಲ್ಲಿ ಕಣ್ರೋ. ಅವಳ ಸ್ಪೆಲಿಂಗಿಗೆ ನೀವ್ಯಾಕೆ ಮೀಸೆ ತಿರುವ್ತೀರಿ?" ಅಂದರು ಮೇಷ್ಟ್ರು. ಆದರೆ ಅವರೂ ನಗುತ್ತಿದ್ದರು.

ಅವರಿಗೆ ಹಿಡಿಸಿದ್ದು ಗೆಲುವಿಗಿಂತ ಅದರ ಹಿಂದಿನ ವರ್ಷಗಳು. ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದರು: 10, 8, 4, 1. 2006ರಲ್ಲಿ ಹತ್ತನೇ ಸ್ಥಾನ, ಆಮೇಲೆ ಎಂಟು, ಆಮೇಲೆ ನಾಲ್ಕು, ಕೊನೆಗೆ ಮೊದಲು. ಎಂಟನೇ ಕ್ಲಾಸು ದಾಟಿದವರಿಗೆ ಅಲ್ಲಿ ಪ್ರವೇಶವಿಲ್ಲ. ಕಾವ್ಯಾ ಆಗ ಎಂಟನೇ ಕ್ಲಾಸು. ಆ ವರ್ಷ ತಪ್ಪಿದ್ದರೆ ಮುಗಿದೇಹೋಯಿತು.

ಆ ಶನಿವಾರದಿಂದ ಕೊನೆಯ ಪೀರಿಯಡ್ಡಿನಲ್ಲಿ ನಮಗೂ ಸ್ಪೆಲಿಂಗ್ ಶುರುವಾಯಿತು. ಕನ್ನಡ ಮೀಡಿಯಂನವರಿಗೆ ಸ್ಪೆಲಿಂಗ್ ಅಂದರೆ ಕಿರಿಕಿರಿ, ಅಲ್ವಾ? ಹೇಳಿದಂತೆ ಬರೆದು ರೂಢಿಯಾದ ಕೈ. ಉರು ಹೊಡೆದು ಒಪ್ಪಿಸಿದರಾಯಿತು ಅಂತ ಕೂತಿದ್ದೆವು. ಮೇಷ್ಟ್ರು ಬಿಡಲಿಲ್ಲ. ಅಲ್ಲಿಯ ಸ್ಪರ್ಧೆಯಲ್ಲಿ ಪದದ ಅರ್ಥ ಕೇಳಬಹುದು, ಯಾವ ಭಾಷೆಯಿಂದ ಬಂದದ್ದು ಅಂತ ಕೇಳಬಹುದು, ವಾಕ್ಯದಲ್ಲಿ ಬಳಸಿ ಹೇಳಿ ಅನ್ನಬಹುದು. ಇಲ್ಲೂ ಅದೇ ನಿಯಮ. ಪ್ರಶ್ನೆ ಕೇಳದೆ ಬಾಯಿಬಿಟ್ಟರೆ ಸರಿ ಉತ್ತರಕ್ಕೂ ಅರ್ಧ ಅಂಕ.

ಒಂದು ದಿನ "ಕೋರಸ್" ಅಂದರು. ನನ್ನ ಪಕ್ಕದವನು ಎದ್ದು "ಕೆ" ಅಂತ ಶುರು ಮಾಡಿದ. "ಯಾವ ಭಾಷೆ ಅಂತ ಕೇಳಪ್ಪ ಮೊದಲು." ಕೇಳಿದ. "ಗ್ರೀಕ್." ಗ್ರೀಕಿನಿಂದ ಬಂದ ಪದದಲ್ಲಿ 'ಕ' ಅನ್ನುವ ಶಬ್ದಕ್ಕೆ ಎಷ್ಟೋ ಕಡೆ ಸಿ-ಎಚ್, 'ಫ'ಗೆ ಪಿ-ಎಚ್. ಫ್ರೆಂಚಿನಿಂದ ಬಂದ 'ಆಂಟೀಕ್' ಆದರೆ ಕೊನೆಯಲ್ಲಿ ಕ್ಯೂ-ಯು-ಇ. ಒಂದೇ ಶಬ್ದ, ಊರು ಬದಲಾದರೆ ಅಂಗಿ ಬೇರೆ. ಕಾವ್ಯಾಳಂಥವರು ಡಿಕ್ಷನರಿಯನ್ನು ಸುಮ್ನೆ ನುಂಗಿರುವುದಿಲ್ಲ ಅಂತ ನನಗೆ ಹೊಳೆದದ್ದು ಆ ದಿನವೇ. ಆ ಸ್ಪರ್ಧೆಗೆ ಆಧಾರವಾದ ವೆಬ್‌ಸ್ಟರ್ ನಿಘಂಟಿನಲ್ಲಿ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ. ಅಷ್ಟನ್ನೂ ಯಾರು ಉರು ಹೊಡೆದಾರು? ಗೊತ್ತಿಲ್ಲದ ಪದ ಬಂದಾಗ ಮೂಲ ಹಿಡಿದು ಊಹಿಸಬೇಕು.

ಅವಳಿಗೊಂದು ಅಭ್ಯಾಸವಿತ್ತು. ಹೇಳುವ ಮೊದಲು ಪದವನ್ನು ಬೆರಳಿನಿಂದ ಅಂಗೈ ಮೇಲೆ ಬರೆದುಕೊಳ್ಳುವುದು. ಪೇಪರಿನಲ್ಲಿ ಓದಿದ್ದೇ ತಡ, ಇಡೀ ಕ್ಲಾಸು ಅಂಗೈ ಕೆರೆಯತೊಡಗಿತು. ವಿಜ್ಞಾನದ ಮೇಡಂ ಬಂದು, ಎಲ್ಲರಿಗೂ ಕಜ್ಜಿಯೇನ್ರೋ ಅಂತ ಕೇಳಿದರು.

ಕಾಲೇಜಿಗೆ ಹೋದ ಮೇಲೆ ಆ ಫೈನಲ್ಲಿನ ವಿಡಿಯೊ ನೋಡಿದೆ. ಕೊನೆಯ ಪದ 'ಲಾವೊಡಿಸಿಯನ್'. ಧರ್ಮದ ವಿಷಯದಲ್ಲಿ, ರಾಜಕೀಯದಲ್ಲಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವವರಿಗೆ ಹೇಳುವ ಮಾತು. ಪದ ಕೊಡುತ್ತಿದ್ದವರು ಜಾಕ್ ಬೇಲಿ, ಅವರೇ 1980ರ ಚಾಂಪಿಯನ್. ಕಾವ್ಯಾ ಅಂಗೈ ಮೇಲೆ ಬರೆದುಕೊಂಡು, ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತಾಳೆ. ತಪ್ಪಿದರೆ ಬಾರಿಸುವ ಗಂಟೆ ಬಾರಿಸುವುದಿಲ್ಲ. ಅಪ್ಪ, ಅಮ್ಮ, ಪುಟ್ಟ ತಂಗಿ ವೇದಿಕೆಗೆ ಓಡಿ ಬರುತ್ತಾರೆ. ಅಪ್ಪನೇ ಅವಳ ಕೋಚ್. ಅವಳಿಗೆ ಆದರ್ಶ 1999ರಲ್ಲಿ ಗೆದ್ದ ನೂಪುರ್ ಲಾಲಾ. ಅಲ್ಲಿ ಗೆದ್ದ ಭಾರತ ಮೂಲದ ಮಕ್ಕಳ ಈ ಸಾಲು 1985ರಲ್ಲಿ ಬಾಲು ನಟರಾಜನ್‌ರಿಂದ ಶುರುವಾದದ್ದು. ಇದನ್ನು ರಕ್ತದ ಗುಣ ಅನ್ನುವವರಿದ್ದಾರೆ. ನನಗಂತೂ ಅದು ಊಟದ ಮೇಜಿನ ಮುಂದೆ ದಿನವೂ ಪದ ಕೇಳುವ ಅಪ್ಪ-ಅಮ್ಮಂದಿರ ಗುಣ ಅನ್ನಿಸುತ್ತದೆ.

ಆ ಪುಟ್ಟ ತಂಗಿ ವನ್ಯಾ 2015ರಲ್ಲಿ ಗೋಕುಲ್ ವೆಂಕಟಾಚಲಂ ಜೊತೆ ಜಂಟಿಯಾಗಿ ಗೆದ್ದಳು. ಅಕ್ಕ-ತಂಗಿ ಇಬ್ಬರೂ ಚಾಂಪಿಯನ್ ಆದದ್ದು ಅದೇ ಮೊದಲು. 2019ರಲ್ಲಂತೂ ಎಂಟು ಮಕ್ಕಳು ಒಟ್ಟಿಗೆ ಗೆದ್ದರು, ಸೋಲಿಸಲು ಪದಗಳೇ ಸಾಲಲಿಲ್ಲ. ಅದಕ್ಕೇ ಈಗ ಸಮ ಬಂದರೆ 90 ಸೆಕೆಂಡಿನಲ್ಲಿ ಯಾರು ಜಾಸ್ತಿ ಪದ ಸರಿಯಾಗಿ ಹೇಳುತ್ತಾರೋ ಅವರದೇ ಗೆಲುವು. 2022ರಲ್ಲಿ ಹರಿಣಿ ಲೋಗನ್ ಹೀಗೆ ಗೆದ್ದಳು.

ಆ ಸುದ್ದಿಯನ್ನು ನಿವೃತ್ತರಾದ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಹಿಡಿಸಲಿಲ್ಲ.

"ಅದು ಓಟದ ಪಂದ್ಯ ಆಯ್ತಲ್ಲಪ್ಪ. ಯಾವ ಭಾಷೆ ಅಂತ ಕೇಳೋಕೆ ಪುರುಸೊತ್ತೆಲ್ಲಿ?" ಅಂದರು. ಆಮೇಲೆ, "ಇರಲಿ, ಯಾವ್ಯಾವ ಪದ ಕೊಟ್ಟಿದ್ರು, ಹೇಳು ನೋಡೋಣ" ಅಂತ ಪೆನ್ನು ಹುಡುಕತೊಡಗಿದರು.