ಚಂದ್ರದ್ರೋಣ ಬೆಟ್ಟಸಾಲಿನ ಶಾಹೀನ್ ಗೂಡು: ಹತ್ತನೇ ವಾರ

ಮಾರ್ಚ್ 29. ಶಾಹೀನ್ ಗಿಡುಗದ ಮರಿ ಮೂರು! ಬೆಳಗ್ಗೆ ಏಳೂವರೆಗೆ ಮಂಜು ಸರಿದ ಕೂಡಲೇ ಎಣಿಸಿದೆ. ಮೂರೂ ಬಿಳಿ ತುಪ್ಪಳದ ಉಂಡೆಗಳು, ಒಂದಕ್ಕೊಂದು ಒರಗಿಕೊಂಡು ಕೂತಿದ್ದವು.

ಈ ಜೋಡಿಯನ್ನು ಮೊದಲು ಕಂಡಿದ್ದು ಜನವರಿ 18ಕ್ಕೆ. ಹಕ್ಕಿಗಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಬಂಡೆ: ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ ಇಳಿದಿತ್ತು, ಬುಡದಲ್ಲಿ ಗಿಣಿಯ ಹಸಿರು ಗರಿ. ಪಕ್ಕದ ತೋಟದಲ್ಲಿ ಕೆಲಸ ಮಾಡುವ ಅಣ್ಣ, "ಗಿಣಿ ಹಿಡಿಯೋ ಗಿಡುಗ ಅಲ್ವಾ ಸರ್, ವರ್ಷಾ ವರ್ಷಾ ಅಲ್ಲೇ ಕೂರ್ತವೆ" ಅಂದರು. ಶಾಹೀನ್ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನಲ್ಲಿ ಮಣ್ಣು ಕೆರೆದು, ಆ ತಗ್ಗಿನಲ್ಲೇ ಮೊಟ್ಟೆ ಇಡುತ್ತದೆ. ಮಳೆ ಬೀಳದ, ಯಾರೂ ಹತ್ತಲಾಗದ ಚಾಚು ಸಿಕ್ಕರೆ ಬಿಟ್ಟುಕೊಡುವುದಿಲ್ಲ. ಜಾಗ ಎಲ್ಲಿ ಅಂತ ಮಾತ್ರ ಬರೆಯುವುದಿಲ್ಲ.

ಫೆಬ್ರವರಿ 8ಕ್ಕೆ ಹೆಣ್ಣು ಕಾವಿಗೆ ಕೂತಿತು. ನಾನು ಕೂರುವುದು ಎದುರಿನ ಗುಡ್ಡದಲ್ಲಿ, ಸುಮಾರು 400 ಮೀಟರ್ ದೂರ.

ಫೆಬ್ರವರಿ 22ರ ನೋಟ ಇನ್ನೂ ಕಣ್ಣಲ್ಲೇ ಇದೆ. ಗಂಡು ಬೇಟೆ ಹಿಡಿದು ಕಣಿವೆಯಿಂದ ಕೂಗುತ್ತಾ ಬಂತು. ಹೆಣ್ಣು ಚಾಚಿನಿಂದ ಜಿಗಿದು ಅದರ ಕೆಳಗೆ ಸೇರಿ, ಹಾರುತ್ತಲೇ ಮಗುಚಿ, ಬೆನ್ನು ನೆಲಕ್ಕೆ ಮಾಡಿ, ಕಾಲು ಚಾಚಿ ಬೇಟೆ ಕಿತ್ತುಕೊಂಡಿತು. ಒಂದು ಕ್ಷಣದ ಕೆಲಸ. ಹೆಣ್ಣು ತಿನ್ನುವಷ್ಟು ಹೊತ್ತು ಗಂಡೇ ಹೋಗಿ ಕಾವಿಗೆ ಕೂತಿತು. ಹೆಣ್ಣಿಗಿಂತ ಗಂಡು ಚಿಕ್ಕದು. ಮೊಟ್ಟೆಗಳನ್ನು ಹೊಟ್ಟೆಯಡಿ ಸೇರಿಸಿಕೊಳ್ಳಲು ಮೈ ಅಲುಗಿಸಿ ಅಲುಗಿಸಿ ಪಾಡು ಪಟ್ಟಿದ್ದು ನೋಡಿ ಅದರ ಮೇಲೆ ಪ್ರೀತಿ ಉಕ್ಕಿತು.

ಮಾರ್ಚ್ 1 ಕೆಟ್ಟ ದಿನ. ಪ್ರವಾಸಕ್ಕೆ ಬಂದ ಇಬ್ಬರು ಹುಡುಗರು ಬಂಡೆಯ ನೆತ್ತಿಯಿಂದ ಡ್ರೋನ್ ಹಾರಿಸಿದರು. ಹೆಣ್ಣು ಕ್ಯಾಕ್ ಕ್ಯಾಕ್ ಎಂದು ಅರಚುತ್ತಾ ಮೇಲೆದ್ದಿತು. ಕುಳಿರ್ಗಾಳಿಯಲ್ಲಿ ಮೊಟ್ಟೆ 26 ನಿಮಿಷ ಕಾವಿಲ್ಲದೆ ಬಿದ್ದಿದ್ದವು. ನಾನು ಗುಡ್ಡ ಇಳಿದು ಹತ್ತಿ ಅವರ ಹತ್ತಿರ ಹೋಗುವಷ್ಟರಲ್ಲಿ ಉಸಿರೇ ನಿಂತಂತಾಗಿತ್ತು. ಇದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಹಕ್ಕಿ, ಮೊಟ್ಟೆ ತಣ್ಣಗಾದರೆ ಮರಿ ಒಳಗೇ ಸಾಯುತ್ತದೆ ಅಂದೆ. ತಕ್ಷಣ ಇಳಿಸಿದರು, ಪಾಪ ಅವರಿಗೆ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರ್ಚ್ 15. ಕಾಫಿ ಹೂ ಅರಳಿಸುವ ಹೂಮಳೆಯಾಗಿ ಕೆಳಗಿನ ತೋಟವೆಲ್ಲ ಬೆಳ್ಳಗೆ, ಘಮ ಗುಡ್ಡದವರೆಗೂ. ಗಂಡು ತಂದ ಬೇಟೆಯನ್ನು ಹೆಣ್ಣು ಬೇರೆಡೆಗೆ ಒಯ್ಯಲಿಲ್ಲ. ಚಾಚಿನಲ್ಲೇ ಹರಿದು, ತಲೆ ಬಗ್ಗಿಸಿ, ತುಸು ತಡೆದು, ಮತ್ತೆ ಬಗ್ಗಿಸಿತು. ಮರಿಗೆ ಉಣಿಸುತ್ತಿದೆ, ಮೊಟ್ಟೆಯೊಡೆದು ಮರಿ ಬಂದಿದೆ ಅಂತ ಆಗಲೇ ಗೊತ್ತಾಯಿತು. 26 ನಿಮಿಷದ ಭಾರ ಎದೆಯಿಂದ ಇಳಿಯಿತು.

ಮರಿ ಹಾರಲು ಆರು ವಾರ ಬೇಕು. ಏಪ್ರಿಲ್ ಕೊನೆಯ ವಾರಕ್ಕೆ ಈಗಲೇ ರಜೆ ಹಾಕಿದ್ದೇನೆ.