ಹೊಟ್ಟೆ ನೀವುವ ಕೈ

ನಮ್ಮ ಐಸಿಯುನಲ್ಲಿ ಟೈಲರ್ ಅಂಗಡಿಯಲ್ಲಿರುವಂಥದ್ದೇ ಒಂದು ಟೇಪ್ ಇದೆ. ಹೊಟ್ಟೆ ಅಳೆಯೋದಕ್ಕೆ. ಹೊಕ್ಕುಳ ಮೇಲೆ ಹಾಯುವಂತೆ ಸುತ್ತಿ, ಚರ್ಮದ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ, ದಿನಾ ಅದೇ ಜಾಗದಲ್ಲಿ ಅಳೆಯುತ್ತೇವೆ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವ ಸ್ಟಾಫ್ ನರ್ಸ್ ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಟೇಪ್ ನೋಡಿ ನಗು ಬಂದಿತ್ತು.

ಕಳೆದ ಮಳೆಗಾಲದಲ್ಲಿ ಪಾಂಡವಪುರದ ಕಡೆಯ ಒಬ್ಬ ಅಜ್ಜ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದರು. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್, ಅದರಲ್ಲಿ ಎರಡು ಗಂಟೆಗೊಮ್ಮೆ ಫೀಡ್. ಐದು ದಿನವಾದರೂ ಮೋಶನ್ ಇಲ್ಲ. ಐಸಿಯುನಲ್ಲಿ ಇದು ಮಾಮೂಲು. ನೋವಿಗೆ ಕೊಡುವ ಫೆಂಟನಿಲ್ ಕರುಳನ್ನೂ ಮಂಕು ಮಾಡುತ್ತದೆ, ಜೊತೆಗೆ ಅಲುಗಾಡದೆ ಮಲಗಿರುವುದು ಬೇರೆ. ಫೀಡ್‌ಗೆ ಮುಂಚೆ 50 ಎಂಎಲ್ ಸಿರಿಂಜ್‌ನಲ್ಲಿ ಎಳೆದು ನೋಡಿದರೆ ಹಿಂದಿನ ಸಲದ್ದೇ ವಾಪಸ್ ಬರುತ್ತಿತ್ತು. ಹಾಗೆ ನಿಂತದ್ದು ಗಂಟಲಿಗೆ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ? ಮೊದಲೇ ಸೋತಿರುವ ಶ್ವಾಸಕೋಶ ಅದು.

ಸಂಜೆ ನೋಡಲು ಬಿಟ್ಟಾಗ ಅಜ್ಜಿ ಬಂದರು. ಹೊದಿಕೆ ಸರಿಸಿ ನೋಡಿ, "ಹೊಟ್ಟೆ ತಮಟೆ ಆಗೋಗದೆ ಕನವ್ವ. ಒಸಿ ಹರಳೆಣ್ಣೆ ಹಚ್ಚಿ ನೀವ್ಲಾ?" ಅಂದರು.

"ಇಲ್ಲಿ ಎಣ್ಣೆ ಗಿಣ್ಣೆ ಎಲ್ಲ ಬೇಡಿ ಅಜ್ಜಿ" ಅಂತ ಸ್ವಲ್ಪ ಜೋರಾಗೇ ಹೇಳಿಬಿಟ್ಟೆ.

ಮಾರನೇ ದಿನ ರೌಂಡ್ಸ್‌ನಲ್ಲಿ ಡಾಕ್ಟರ್ ಹೊಟ್ಟೆ ತಟ್ಟಿ ನೋಡಿದರು. ಎಕ್ಸ್‌ರೇಯಲ್ಲಿ ಕರುಳು ಕಟ್ಟಿಕೊಂಡ ಲಕ್ಷಣ ಇಲ್ಲ. ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಬರೆದು, "ಹೊಟ್ಟೆಗೆ ಮಸಾಜ್ ಶುರು ಮಾಡಿ, ದಿನಕ್ಕೆ ಎರಡು ಸಲ, 15 ನಿಮಿಷ" ಅಂದರು. ನಾನು ತಲೆ ತಗ್ಗಿಸಿ ಫೈಲ್‌ನಲ್ಲಿ ಬರೆದುಕೊಂಡೆ.

ಆದರೆ ಅಜ್ಜಿಗೆ ಬೇಡ ಅಂದದ್ದು ಪೂರ್ತಿ ತಪ್ಪೂ ಅಲ್ಲ. ಹೊಟ್ಟೆ ಆಪರೇಷನ್ ಆಗಿದ್ದರೆ, ಒಳಗೆ ರಕ್ತಸ್ರಾವ ಇದ್ದರೆ, ಕರುಳು ಕಟ್ಟಿದ್ದರೆ ಕೈ ಇಡಲೇಬಾರದು. ಡಾಕ್ಟರನ್ನು ಕೇಳದೆ ಯಾರೂ ಮಾಡಬೇಡಿ, ಪ್ಲೀಸ್.

ಫೀಡ್ ಆಗಿ ಗಂಟೆ ಕಳೆದ ಮೇಲೆ, ತಲೆದೆಸೆ ಎತ್ತರದಲ್ಲೇ ಇಟ್ಟು ಶುರು ಮಾಡಿದೆ. ಬಲಗಡೆ ಕೆಳಹೊಟ್ಟೆಯಿಂದ ಪಕ್ಕೆಲುಬಿನ ತನಕ ಮೇಲಕ್ಕೆ, ಅಲ್ಲಿಂದ ಅಡ್ಡಕ್ಕೆ ಎಡಗಡೆಗೆ, ಆಮೇಲೆ ಎಡಗಡೆ ಕೆಳಕ್ಕೆ. ದೊಡ್ಡ ಕರುಳು ಹೋಗುವ ದಾರಿಯೇ ಅದು. ಗಡಿಯಾರದ ಮುಳ್ಳು ತಿರುಗುವ ಕಡೆಗೇ. ಒತ್ತಡ ಜಾಸ್ತಿ ಆಯಿತೇನೋ ಅಂತ ಕಣ್ಣು ಅಜ್ಜನ ಮುಖದ ಮೇಲೆ, ಆಮೇಲೆ ಮಾನಿಟರ್ ಮೇಲೆ.

ಸಂಜೆ ಅಜ್ಜಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ನೆ ಇದ್ದು, ನನ್ನ ಕೈ ಹಿಡಿದು ನೋಡಿದರು. ಏಸಿ, ಸ್ಯಾನಿಟೈಸರ್, ಎರಡೂ ಸೇರಿ ಕೈ ಐಸ್ ಆಗಿತ್ತು.

"ಈ ಕೈಲಿ ನೀವುದ್ರೆ ಹೊಟ್ಟೆ ಬಿಗಿಯಾಯ್ತದೆ ಕನವ್ವ. ಮಕ್ಕಳಿಗೆ ನೀವ್ವಾಗ ನಾವು ಅಂಗೈ ಉಜ್ಕಂಡು ಬಿಸಿ ಮಾಡ್ಕತಿದ್ವಿ."

ಅಂಗೈ ಉಜ್ಜಿಕೊಂಡು ಮತ್ತೆ ಇಟ್ಟೆ. ಟ್ರೇನಿಂಗ್‌ನಲ್ಲೂ ಕೈ ಬೆಚ್ಚಗಿರಲಿ ಅಂತಲೇ ಹೇಳಿಕೊಟ್ಟಿದ್ದರು, ಮರೆತಿದ್ದೆ.

ಮೂರನೇ ದಿನಕ್ಕೆ ಟೇಪ್ ಎರಡು ಸೆಂಟಿಮೀಟರ್ ಕಡಿಮೆ ತೋರಿಸಿತು. ಸಿರಿಂಜ್‌ಗೆ ವಾಪಸ್ ಬರುವುದೂ ಇಳಿಯಿತು. ಮಸಾಜಿನಿಂದಲೇ ಅಂತ ನಾನು ಹೇಳಲಾರೆ. ಲ್ಯಾಕ್ಟುಲೋಸ್ ಇತ್ತು, ಫೆಂಟನಿಲ್ ಕೂಡ ಕಡಿಮೆ ಮಾಡಿದ್ದರು. ಇದರ ಬಗ್ಗೆ ಆಗಿರುವ ಅಧ್ಯಯನಗಳೂ ಹೆಚ್ಚಿನವು ಚಿಕ್ಕವು.

ಆ ಸಂಜೆ ಅಜ್ಜಿ ಒಳಗೆ ಬರುವಷ್ಟರಲ್ಲಿ ನಾನು, ಆಯಾ ಇಬ್ಬರೂ ಸೇರಿ ಬೆಡ್‌ಶೀಟ್ ಬದಲಾಯಿಸಿ ಆಗಿತ್ತು. ವಿಷಯ ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಚಾರ್ಟ್‌ನಲ್ಲಿ ಬರೆಯುತ್ತಿದ್ದೆ.

"ಅದ್ನೂ ಬರ್ಕತೀರಾ?"

"ಟೈಮ್ ಸಮೇತ ಅಜ್ಜಿ. 4:40."